ತಡವಾಗಿ ಕಂಡ ತಪ್ಪನ್ನು ತಿದ್ದಲಾಗದು, ಸರಿ. ಹೇಳಲೂಬಾರದೇ?

ನೀಲಿಪೆನ್ನು

ಎಲ್ಲರಿಗೂ ನಮಸ್ಕಾರ. ಶನಿವಾರದಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಇಲ್ಲಿ ರೆಫರಿಗಳೂ ಇದ್ದೀರಿ, ಕೋಚ್‌ಗಳೂ ಇದ್ದೀರಿ, ಆಡುವವರೂ ಇದ್ದೀರಿ. ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ, ಓದಿ ಹೇಳಿ.

ಬೆಂಗಳೂರಿನ ಪಶ್ಚಿಮ ಭಾಗದ ಒಂದು ಬಯಲು ಅಂಗಣದಲ್ಲಿ ಹದಿನಾರು ವರ್ಷದೊಳಗಿನ ಬಾಲಕಿಯರ ಬ್ಯಾಸ್ಕೆಟ್‌ಬಾಲ್ ಪಂದ್ಯ. ಸ್ಕೋರರ್ ಕುರ್ಚಿಯಲ್ಲಿ ನಾನಿದ್ದೆ. ಆರು ವರ್ಷಗಳಿಂದ ಟೇಬಲ್ ಕೆಲಸ, ಅಂದರೆ ಅಂಕ, ಫೌಲ್, ಸಮಯದ ಲೆಕ್ಕ ಇಡುವ ಕೆಲಸ ಮಾಡುತ್ತಿದ್ದೇನೆ, ಹೊಸಬನಲ್ಲ. ಸಂಜೆ ಐದೂವರೆಯ ಹೊತ್ತಿಗೆ ಮಳೆಗಾಳಿ ಎದ್ದಿತು. ಪಕ್ಕದ ಗುಲ್‌ಮೊಹರ್ ಮರದ ಎಸಳುಗಳು ಸ್ಕೋರ್‌ಶೀಟಿನ ಮೇಲೆ ಬಂದು ಬೀಳುತ್ತಿದ್ದವು. ಎಡಗೈಯಲ್ಲಿ ಹಾಳೆಯನ್ನು ಒತ್ತಿ ಹಿಡಿದುಕೊಂಡು ಬಲಗೈಯಲ್ಲಿ ಬರೆಯುತ್ತಿದ್ದೆ. ನಾಲ್ಕನೆಯ ಕ್ವಾರ್ಟರ್. ಬಿಳಿ ತಂಡದ ನಾಲ್ಕನೆಯ ಟೀಮ್ ಫೌಲ್ ಆದಾಗ ಕೊನೆಯ ಚೌಕದಲ್ಲಿ ಅಡ್ಡಗೀಟು ಎಳೆದು, ಕೆಂಪು ಫಲಕವನ್ನು ಮೇಜಿನ ತುದಿಯಲ್ಲಿ ನಿಲ್ಲಿಸಿದೆ. ಒಂದು ಕ್ವಾರ್ಟರಿನಲ್ಲಿ ಇಡೀ ತಂಡ ಮಾಡಿದ ಫೌಲ್‌ಗಳ ಲೆಕ್ಕವೇ ಟೀಮ್ ಫೌಲ್. ನಾಲ್ಕು ಆದ ಮೇಲೆ ಮುಂದಿನ ಫೌಲಿಗೆ ಎದುರಾಳಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬಾರದಂತೆ ಎಸೆಯುವ ಅವಕಾಶ. ಕೆಂಪು ಫಲಕ ಅದರ ಗುರುತು. ಫಲಕವೆಂದರೆ ರಟ್ಟಿಗೆ ಕೆಂಪು ಕಾಗದ ಅಂಟಿಸಿದ್ದು. ಅದು ಗಾಳಿಗೆ ಕೆಳಗೆ ಬಿದ್ದದ್ದನ್ನು ಮೇಜಿನಲ್ಲಿದ್ದ ಮೂವರಲ್ಲಿ ಒಬ್ಬರೂ ನೋಡಲಿಲ್ಲ.

3 ನಿಮಿಷ 40 ಸೆಕೆಂಡ್ ಉಳಿದಿತ್ತು. ನೀಲಿ ತಂಡದ 9ನೇ ನಂಬರಿನ ಹುಡುಗಿ ಡ್ರಿಬಲ್ ಮಾಡುತ್ತಿದ್ದಾಗ ಬಿಳಿ ತಂಡದವಳು ಕೈ ಹಿಡಿದಳು. ಐದನೆಯ ಟೀಮ್ ಫೌಲ್, ಎರಡು ಫ್ರೀ ಥ್ರೋ. ರೆಫರಿ ನಮ್ಮತ್ತ ಫೌಲಿನ ಸಂಕೇತ ತೋರಿಸಿದರು, ಮೇಜಿನ ತುದಿ ನೋಡಿದರು, ಕೆಂಪು ಕಾಣಲಿಲ್ಲ, ಫ್ರೀ ಥ್ರೋ ಬದಲು ಸೈಡ್‌ಲೈನಿನಿಂದ ಚೆಂಡನ್ನು ಒಳಗೆಸೆಯುವ ಥ್ರೋ ಇನ್ ಕೊಟ್ಟರು. ನಾನು ತಲೆ ತಗ್ಗಿಸಿಕೊಂಡು ಆಟಗಾರ್ತಿಯ ಹೆಸರಿನ ಮುಂದೆ ಫೌಲ್ ಬರೆಯುತ್ತಿದ್ದೆ. ಥ್ರೋ ಇನ್ ಆಯಿತು, ಎರಡು ಪಾಸ್ ಆಯಿತು, ನೀಲಿಯವರ ಶಾಟ್ ರಿಮ್ಮಿಗೆ ಬಡಿದು ಹೊರಬಂತು. ಬಿಳಿಯವರು ರಿಬೌಂಡ್ ಹಿಡಿದು ಓಡಿ ಬ್ಯಾಸ್ಕೆಟ್ ಹಾಕಿದರು. ಆ ಎರಡು ಅಂಕ ಬರೆಯುವಾಗ ನನ್ನ ಕಣ್ಣು ಟೀಮ್ ಫೌಲಿನ ಚೌಕಗಳ ಮೇಲೆ ಬಿತ್ತು. ನಾಲ್ಕೂ ತುಂಬಿವೆ. ಹಾಗಾದರೆ ಈಗ ಆದದ್ದು ಐದನೆಯದು. ಬಗ್ಗಿ ನೋಡಿದರೆ ಫಲಕ ಮೇಜಿನ ಕಾಲಿನ ಬಳಿ ಮಣ್ಣಿನಲ್ಲಿ ಬೋರಲು ಬಿದ್ದಿದೆ. ಬಜರ್ ಒತ್ತುವ ಹೊತ್ತಿಗೆ ನೀಲಿ ತಂಡದ ಹುಡುಗಿ ಬೇಸ್‌ಲೈನಿನ ಹಿಂದೆ ಚೆಂಡನ್ನು ಕೈಗೆ ತೆಗೆದುಕೊಂಡಾಗಿತ್ತು.

ರೆಫರಿ ಆಟ ನಿಲ್ಲಿಸಿ ಬಂದರು. ವಿಷಯ ತಿಳಿಸಿದೆ. “ಚೆಂಡು ಲೈವ್ ಆಯಿತು. ಇನ್ನು ತಿದ್ದಲು ಬರುವುದಿಲ್ಲ” ಎಂದರು. ಎಸೆಯುವವಳ ಕೈಗೆ ಬಂದ ಚೆಂಡು ಲೈವ್, ಅಂದರೆ ಮತ್ತೆ ಆಟದಲ್ಲಿದೆ ಎಂದು ಲೆಕ್ಕ. ಅದು ನನಗೂ ಗೊತ್ತಿತ್ತು. ಆದರೆ ಅದರ ಜೊತೆಗೇ ದನಿ ತಗ್ಗಿಸಿ, “ಯಾರಿಗೂ ಹೇಳಬೇಡಿ, ಹೇಳಿದರೆ ಈ ಪಂದ್ಯ ಮುಗಿಯುವುದಿಲ್ಲ” ಎಂದರು. ಬಜರ್ ಯಾಕೆ ಎಂದು ನೀಲಿ ತಂಡದ ಕೋಚ್ ಕೇಳಿದಾಗ “ಸ್ಕೋರ್‌ಶೀಟಿನ ಲೆಕ್ಕ” ಎಂದಷ್ಟೇ ಹೇಳಿ ಆಟ ಮುಂದುವರಿಸಿದರು. ನಾನು ಫಲಕವನ್ನು ಒರೆಸಿ ಮತ್ತೆ ನಿಲ್ಲಿಸಿದೆ. ಬಾಯಿ ಬಿಡಲಿಲ್ಲ.

ನೀಲಿ ತಂಡ ಒಂದು ಅಂಕದಿಂದ ಸೋತಿತು.

ತಿದ್ದುವ ಸಮಯ ಮೀರಿತ್ತು ಎಂಬುದರಲ್ಲಿ ನನಗೆ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ. ತಿದ್ದಲಾಗದ ತಪ್ಪನ್ನು ಬಾಯಿಬಿಟ್ಟು ಹೇಳಬೇಕೋ ಬೇಡವೋ? ಹೇಳಬೇಕಿತ್ತು ಎಂದೇ ನನಗೆ ಅನ್ನಿಸುತ್ತದೆ.

ಹಳೆಯ ಸೀಟಿ

ನೀಲಿಪೆನ್ನು ಅವರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಇಪ್ಪತ್ತೆರಡು ವರ್ಷ ಸೀಟಿ ಊದಿ ಈಗ ಬಿಟ್ಟಿದ್ದೇನೆ. ಮೊದಲು ನಿಯಮವನ್ನು ಬಿಡಿಸಿ ಹೇಳುತ್ತೇನೆ. ಇಲ್ಲಿ ಪೋಷಕರೂ ಓದುತ್ತಿರುತ್ತಾರೆ.

ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಾವಳಿಯ 44ನೇ ವಿಧಿ ತಿದ್ದಬಹುದಾದ ತಪ್ಪುಗಳ ಬಗ್ಗೆ ಇದೆ. ರೆಫರಿಗಳ ಎಲ್ಲ ತಪ್ಪುಗಳಿಗೂ ಅದು ಅನ್ವಯವಾಗುವುದಿಲ್ಲ. ಸಲ್ಲದ ಫ್ರೀ ಥ್ರೋ ಕೊಟ್ಟದ್ದು, ಸಲ್ಲಬೇಕಾದ ಫ್ರೀ ಥ್ರೋ ಕೊಡದೇ ಹೋದದ್ದು, ಅಂಕವನ್ನು ತಪ್ಪಾಗಿ ಕೊಟ್ಟದ್ದು ಅಥವಾ ರದ್ದು ಮಾಡಿದ್ದು, ಎಸೆಯಬೇಕಾದವರ ಬದಲು ಬೇರೊಬ್ಬರಿಂದ ಫ್ರೀ ಥ್ರೋ ಎಸೆಯಿಸಿದ್ದು. ಅಷ್ಟೇ. ಟ್ರಾವೆಲಿಂಗ್ ಕಾಣಲಿಲ್ಲ, ಡಬಲ್ ಡ್ರಿಬಲ್ ಬಿಟ್ಟುಹೋಯಿತು, ಫೌಲ್ ಕೊಡಲಿಲ್ಲ ಎಂಬುದಕ್ಕೆ ಇಲ್ಲಿ ಜಾಗವಿಲ್ಲ. ಆ ಕ್ಷಣದಲ್ಲಿ ಊದದಿದ್ದರೆ ಅದು ಹೋಯಿತು.

ಈಗ ಸಮಯದ ಗಡಿ. ತಪ್ಪು ನಡೆದ ಮೇಲೆ ಗಡಿಯಾರ ಓಡಬೇಕು. ಓಡಿದ ಮೇಲೆ ಮೊದಲ ಬಾರಿ ಚೆಂಡು ಡೆಡ್ ಆಗಬೇಕು, ಅಂದರೆ ಬ್ಯಾಸ್ಕೆಟ್ ಬಿದ್ದೋ ಸೀಟಿ ಊದಿಯೋ ಆಟದಿಂದ ಹೊರಗಾಗಬೇಕು. ಅದು ಮತ್ತೆ ಲೈವ್ ಆಗುವುದರೊಳಗೆ ತಪ್ಪು ಯಾರ ಕಣ್ಣಿಗಾದರೂ ಬೀಳಬೇಕು, ರೆಫರಿಯೋ ಟೇಬಲ್ಲೋ. ನಿಮ್ಮ ಪ್ರಸಂಗದಲ್ಲಿ ಥ್ರೋ ಇನ್ ಚೆಂಡನ್ನು ಒಳಗಿನ ಹುಡುಗಿ ಮುಟ್ಟಿದಾಗ ಗಡಿಯಾರ ಓಡಿತು. ಬಿಳಿಯವರ ಬ್ಯಾಸ್ಕೆಟ್ ಬಿದ್ದಾಗ ಚೆಂಡು ಡೆಡ್ ಆಯಿತು. ಬೇಸ್‌ಲೈನಿನ ಹಿಂದೆ ನೀಲಿಯವಳ ಕೈಗೆ ಬಂದಾಗ ಲೈವ್ ಆಯಿತು. ಕೊನೆಯ ಎರಡು ನಿಮಿಷದೊಳಗಾಗಿದ್ದರೆ ಬ್ಯಾಸ್ಕೆಟ್ ಬಿದ್ದಾಗ ಗಡಿಯಾರವೂ ನಿಲ್ಲುತ್ತಿತ್ತು, ಎಲ್ಲರೂ ಒಮ್ಮೆ ಉಸಿರು ಬಿಡುತ್ತಿದ್ದರು. ಮೂರೂವರೆ ನಿಮಿಷ ಉಳಿದಿರುವಾಗ ಆಟ ಓಡುತ್ತಲೇ ಇರುತ್ತದೆ. ನಿಮಗೆ ಸಿಕ್ಕ ಕಿಂಡಿ ಎರಡು ಮೂರು ಸೆಕೆಂಡಿನದು.

ನೀವು ಅಷ್ಟರಲ್ಲಿ ಒತ್ತಿದ್ದರೆ ಏನಾಗುತ್ತಿತ್ತು? ಬಿಳಿಯವರ ಬ್ಯಾಸ್ಕೆಟ್ ರದ್ದಾಗುತ್ತಿತ್ತು ಎಂದು ಬಹಳ ಜನ ತಿಳಿದಿದ್ದಾರೆ. ಇಲ್ಲ. ತಪ್ಪಿನ ನಂತರ ಬಂದ ಅಂಕ, ಆದ ಫೌಲ್, ಓಡಿದ ಸಮಯ ಎಲ್ಲವೂ ಉಳಿಯುತ್ತವೆ. 9ನೇ ನಂಬರಿನ ಹುಡುಗಿ ಎರಡು ಫ್ರೀ ಥ್ರೋ ಎಸೆಯುತ್ತಿದ್ದಳು, ರಿಬೌಂಡಿಗೆ ಯಾರೂ ಸಾಲುಗಟ್ಟಿ ನಿಲ್ಲುತ್ತಿರಲಿಲ್ಲ, ಆಮೇಲೆ ಆಟ ಎಲ್ಲಿ ನಿಂತಿತ್ತೋ ಅಲ್ಲಿಂದಲೇ, ಅಂದರೆ ನೀಲಿಯವರ ಬೇಸ್‌ಲೈನ್ ಥ್ರೋ ಇನ್‌ನಿಂದ ಮುಂದುವರಿಯುತ್ತಿತ್ತು. ಇನ್ನೊಂದು ವಿಷಯ. ತಪ್ಪಾಗಿ ಸಿಕ್ಕ ಆ ಥ್ರೋ ಇನ್‌ನಿಂದ ನೀಲಿಯವರೇ ಬ್ಯಾಸ್ಕೆಟ್ ಹಾಕಿದ್ದರೆ ತಪ್ಪನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ರೆಫರಿ ನಿಯಮದಂತೆ ನಡೆದುಕೊಂಡಿದ್ದಾರೆ. ಸುಮ್ಮನಿರಿ ಎಂದದ್ದೂ ಆ ಹೊತ್ತಿಗೆ ಸರಿ ಎಂದೇ ನನ್ನ ಅಭಿಪ್ರಾಯ. ಆಟ ನಡೆಸುವುದು ಅವರ ಮೊದಲ ಕರ್ತವ್ಯ.

ಗ್ಯಾಲರಿ ಮೂಲೆ

ನಾನು ಒಬ್ಬ ಆಟಗಾರ್ತಿಯ ತಂದೆ. ಆ ಪಂದ್ಯದ್ದಲ್ಲ, ಆದರೆ ನನ್ನ ಮಗಳದ್ದೂ ಅದೇ ವಯಸ್ಸು. ಓದುತ್ತಿದ್ದಂತೆ ಹೊಟ್ಟೆ ಉರಿಯಿತು. ತಪ್ಪು ಟೇಬಲ್‌ನದು, ಕಿಂಡಿ ಮೂರು ಸೆಕೆಂಡಿನದು, ನಷ್ಟ ಮಾತ್ರ ಮಕ್ಕಳದ್ದು! ಬೆಳಗ್ಗೆ ಐದಕ್ಕೆ ಎದ್ದು ಅಭ್ಯಾಸಕ್ಕೆ ಹೋಗುವ ಮಕ್ಕಳು ಅವರು. ಪಂದ್ಯ ಮುಗಿದ ಮೇಲಾದರೂ ಆ ಎರಡು ಫ್ರೀ ಥ್ರೋ ಎಸೆಯಿಸಬಹುದಿತ್ತಲ್ಲ? ಸೋತದ್ದು ಒಂದೇ ಅಂಕದಿಂದ. ಎರಡೂ ಬಿದ್ದಿದ್ದರೆ ಗೆದ್ದೇ ಬಿಡುತ್ತಿದ್ದರು.

ಪಾಯಿಂಟ್‌ಗಾರ್ಡ್ 7

ಅಂಕಲ್, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಹಾಗೆ ಮಾಡಲು ಹೊರಟರೆ ಆಟವೇ ಉಳಿಯುವುದಿಲ್ಲ. ಆ ಎರಡು ಫ್ರೀ ಥ್ರೋ ಆಗಲೇ ಬಿದ್ದಿದ್ದರೆ ಮುಂದಿನ ಮೂರೂವರೆ ನಿಮಿಷ ಹೀಗೇ ನಡೆಯುತ್ತಿರಲಿಲ್ಲ. ಎರಡು ಅಂಕ ಮುಂದಿರುವ ತಂಡ ನಿಧಾನವಾಗಿ ಆಡುತ್ತದೆ, ಶಾಟ್‌ಗೆ ಸಿಗುವ 24 ಸೆಕೆಂಡನ್ನು ಪೂರ್ತಿ ಬಳಸುತ್ತದೆ. ಹಿಂದಿರುವ ತಂಡ ಒತ್ತಡ ಹಾಕುತ್ತದೆ, ಫೌಲ್ ಮಾಡುತ್ತದೆ. ಕೊನೆಯ ಅಂಕಪಟ್ಟಿಗೆ ಎರಡು ಸೇರಿಸಿ ಗೆದ್ದವರು ಯಾರು ಎಂದು ಹೇಳಲಾಗದು. ಬಿಳಿ ತಂಡದ ಹುಡುಗಿಯರೂ ಕಂಡ ಅಂಕಪಟ್ಟಿಯನ್ನು ನಂಬಿ ಆಡಿದವರೇ ತಾನೇ.

ಇನ್ನೊಂದು ಅನುಭವ ಹೇಳುತ್ತೇನೆ. ಕಾಲೇಜು ಪಂದ್ಯವೊಂದರಲ್ಲಿ ನಾನು ಡ್ರಿಬಲ್ ನಿಲ್ಲಿಸಿ ಮತ್ತೆ ಶುರು ಮಾಡಿದ್ದೆ. ಅದು ತಪ್ಪೆಂದು ನನಗೇ ಗೊತ್ತಾಯಿತು. ಸೀಟಿ ಬರಲಿಲ್ಲ. ಪಾಸ್ ಕೊಟ್ಟೆ, ಅವನು ಇನ್ನೊಬ್ಬನಿಗೆ ಕೊಟ್ಟ, ಅವನು ಶಾಟ್‌ಗೆ ಎದ್ದಾಗ ಸೀಟಿ ಊದಿದರು! ಗೋಲು ಹೋಯಿತು. ಎದುರಾಳಿಗಳಿಗೂ ಯಾಕೆಂದು ಅರ್ಥವಾಗಲಿಲ್ಲ. ಊದದೇ ಬಿಟ್ಟಿದ್ದರೆ ಒಂದು ತಪ್ಪಿನಲ್ಲಿ ಮುಗಿಯುತ್ತಿತ್ತು. ತಡವಾಗಿ ಊದಿ ಎರಡು ಮಾಡಿದರು.

ಆರನೆಯ ಎಸೆತ

ನಾನು ಕ್ರಿಕೆಟ್ ಅಂಪೈರಿಂಗ್ ಮಾಡುವವನು. ನಿಮ್ಮಲ್ಲಿ ಕಾಲು ಭಾಗದಷ್ಟೂ ಬ್ಯಾಸ್ಕೆಟ್‌ಬಾಲ್ ತಿಳಿಯದು, ಆದರೆ ಈ ಗಡಿ ನಮಗೂ ಪರಿಚಯದ್ದೇ. ಔಟ್ ಕೇಳುವುದಿದ್ದರೆ ಬೌಲರ್ ಮುಂದಿನ ಎಸೆತಕ್ಕೆ ಓಟ ಶುರು ಮಾಡುವುದರೊಳಗೆ ಕೇಳಬೇಕು. ಅಂಪೈರ್ ಎಸೆತ ಎಣಿಸುವುದರಲ್ಲಿ ತಪ್ಪಿ ಐದಕ್ಕೋ ಏಳಕ್ಕೋ ಓವರ್ ಮುಗಿಸಿದರೆ ಆ ಓವರ್ ಹಾಗೆಯೇ ಉಳಿಯುತ್ತದೆ. ಏಳನೆಯ ಎಸೆತದಲ್ಲಿ ವಿಕೆಟ್ ಬಿದ್ದರೂ ಬಿದ್ದದ್ದೇ. ಮುಂದಿನ ಎಸೆತ ಹೊರಟ ಮೇಲೆ ಹಿಂದಿನದ್ದನ್ನು ಕೆದಕುವಂತಿಲ್ಲ.

ಹೇಳಬೇಕೇ ಎಂಬುದಕ್ಕೆ ನನ್ನ ಪದ್ಧತಿ ಇದು: ಓವರ್ ತಪ್ಪಿ ಮುಗಿಸಿದೆ ಎಂದು ಗೊತ್ತಾದರೆ ಇಬ್ಬರು ನಾಯಕರಿಗೂ ಹೇಳುತ್ತೇನೆ. ಇದುವರೆಗೆ ಯಾರೂ ಹೊಡೆಯಲು ಬಂದಿಲ್ಲ.

ಜಯನಗರದ ಕೋಚ್

ನಾನು ಹನ್ನೊಂದು ವರ್ಷಗಳಿಂದ ಹುಡುಗಿಯರಿಗೆ ತರಬೇತಿ ಕೊಡುತ್ತಿದ್ದೇನೆ. ನೀಲಿಪೆನ್ನು ಅವರ ಪ್ರಶ್ನೆಗೆ ಕೋಚ್ ಕಡೆಯಿಂದ ಉತ್ತರಿಸುತ್ತೇನೆ.

ಮುಚ್ಚಿಟ್ಟದ್ದರಿಂದ ಬರೀ ಮನಸ್ಸಿಗೆ ನೋವಾಯಿತು ಎಂದು ತಿಳಿಯಬೇಡಿ. ಆಟಕ್ಕೇ ಪೆಟ್ಟು ಬಿತ್ತು. ಎದುರಾಳಿ ತಂಡದ ಟೀಮ್ ಫೌಲ್ ನಾಲ್ಕು ದಾಟಿದೆ ಎಂದು ತಿಳಿದ ಕೂಡಲೇ ನಾನು ಹುಡುಗಿಯರಿಗೆ ಹೇಳುವ ಮಾತು ಒಂದೇ: ಹೊರಗಿನಿಂದ ಎಸೆಯಬೇಡಿ, ಒಳಗೆ ನುಗ್ಗಿ. ಮುಟ್ಟಿದರೆ ಎರಡು ಫ್ರೀ ಥ್ರೋ. ಆ ಕೆಂಪು ಫಲಕ ರೆಫರಿಗೆ ಎಷ್ಟು ಮುಖ್ಯವೋ ನನಗೂ ಅಷ್ಟೇ ಮುಖ್ಯ. ಅದು ಬಿದ್ದು ಮತ್ತೆ ಎದ್ದು ನಿಂತಿತು. ಯಾರೂ ಏನೂ ಹೇಳಲಿಲ್ಲ. ಆ ತಂಡದ ಕೋಚ್‌ಗೆ ಫಲಕ ಈಗ ಬಂತೋ ಆಗಲೇ ಇತ್ತೋ ಎಂದು ಹೇಗೆ ಗೊತ್ತಾಗಬೇಕು? “ಐದನೆಯ ಫೌಲ್ ತಪ್ಪಿಹೋಗಿದೆ, ತಿದ್ದುವ ಸಮಯ ಮೀರಿದೆ, ಇನ್ನು ಮುಂದೆ ಬಿಳಿ ತಂಡದ ಪ್ರತಿ ಫೌಲಿಗೂ ಎರಡು ಫ್ರೀ ಥ್ರೋ” ಎಂದಿದ್ದರೆ ಸಾಕಿತ್ತು. ನಾನಾಗಿದ್ದರೆ ಕೂಗಾಡುತ್ತಿದ್ದೆ, ನಿಜ. ಒಂದು ನಿಮಿಷ ಕೂಗಾಡಿ ಟೈಮ್‌ಔಟ್ ತೆಗೆದುಕೊಂಡು ಆಟ ಬದಲಿಸುತ್ತಿದ್ದೆ.

ಹಾಗೆಯೇ ಕೋಚ್‌ಗಳಾದ ನಮ್ಮ ಪಾಲಿನದ್ದನ್ನೂ ಹೇಳಿಬಿಡುತ್ತೇನೆ. ನನ್ನ ಬೆಂಚಿನಲ್ಲಿ ಒಬ್ಬ ಹುಡುಗಿಗೆ ಒಂದೇ ಕೆಲಸ, ಎರಡೂ ತಂಡಗಳ ಫೌಲ್ ಎಣಿಸುವುದು. ಎದುರಾಳಿ ಐದನೆಯದು ಮಾಡಿದ ಕೂಡಲೇ ಎದ್ದು ನಿಂತು ಐದು ಬೆರಳು ತೋರಿಸುತ್ತಾಳೆ. ಥ್ರೋ ಇನ್ ಕೊಡಲು ಹೊರಟ ರೆಫರಿಯನ್ನು ಎರಡು ಬಾರಿ ಹೀಗೆ ತಡೆದಿದ್ದೇವೆ. ನೀಲಿ ತಂಡದ ಬೆಂಚಿನಲ್ಲಿ ಎಣಿಸುವವರು ಒಬ್ಬರಿದ್ದಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ಹಳೆಯ ಸೀಟಿ

ಮೇಡಂ, ನೀವು ಕೂಗಾಡಿ ಟೈಮ್‌ಔಟ್ ತೆಗೆದುಕೊಳ್ಳುತ್ತೀರಿ. ನಿಮ್ಮ ಹಿಂದೆ ಕುಳಿತ ಮೂವತ್ತು ಮಂದಿ? ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017ರಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತಲ್ಲ, ಅಲ್ಲಿ ರೆಫರಿಗೆ ಬೇರೆ ಬಾಗಿಲು, ಬೇರೆ ಕೋಣೆ, ಪಕ್ಕದಲ್ಲಿ ಪೊಲೀಸರು. ನಮ್ಮ ಬಡಾವಣೆಯ ಅಂಗಣಗಳಲ್ಲಿ ಇರುವುದು ಒಂದೇ ಗೇಟು. ಸೋತ ತಂಡದ ಅಪ್ಪ, ಚಿಕ್ಕಪ್ಪ, ಅಣ್ಣಂದಿರು ಅದೇ ಗೇಟಿನಲ್ಲಿ ನಿಂತಿರುತ್ತಾರೆ, ನನ್ನ ಸ್ಕೂಟರ್ ಅದೇ ಗೇಟಿನ ಹೊರಗೆ ನಿಂತಿರುತ್ತದೆ. ಒಮ್ಮೆ ಸೀಟಿನ ಮೇಲೆ ಬ್ಲೇಡು ಎಳೆದಿದ್ದರು. ಇನ್ನೊಮ್ಮೆ ನನ್ನ ಜೊತೆಗಾರನ ಕಾಲರ್ ಹಿಡಿದರು. ಇಪ್ಪತ್ತೊಂದು ವರ್ಷದ ಹುಡುಗ ಅವನು, ಆಮೇಲೆ ಸೀಟಿ ಮುಟ್ಟಲೇ ಇಲ್ಲ. ಹೀಗೆ ಬಿಟ್ಟುಹೋದವರನ್ನು ಬೆರಳು ಮಡಚಿ ಎಣಿಸಬಲ್ಲೆ.

ಹೇಳುವುದೇ ಬೇಡ ಎನ್ನುತ್ತಿಲ್ಲ. ಪಂದ್ಯ ಮುಗಿದ ಮೇಲೆ, ಜನ ಕರಗಿದ ಮೇಲೆ, ಸಂಘಟಕರ ಮುಂದೆ ಹೇಳಿ. ಆಟ ಬಿಸಿಯಲ್ಲಿರುವಾಗ ಅಂಗಣದ ನಡುವೆ ನಿಂತು ತಪ್ಪೊಪ್ಪಿಕೊಳ್ಳುವುದು ಬೇಡ ಎಂಬುದಷ್ಟೇ ನನ್ನ ಮಾತು.

ನೀಲಿಪೆನ್ನು

ಸರ್, ನಿಮ್ಮ ಸ್ಕೂಟರಿನ ವಿಷಯ ಓದಿ ಬೇಸರವಾಯಿತು. ಆ ಭಯ ಸುಳ್ಳಲ್ಲ, ನಾನೂ ಅದೇ ಗೇಟಿನಿಂದ ಹೊರಬರುವವನು. ಆದರೂ ನನ್ನ ಮಾತನ್ನು ಬಿಡಲಾರೆ. ಯಾಕೆಂದರೆ ಜಗತ್ತಿನ ದೊಡ್ಡ ಪಂದ್ಯಾವಳಿಗಳು ಇದೇ ದಾರಿಗೆ ಬಂದಿವೆ: ಫಲಿತಾಂಶ ಮುಟ್ಟುವುದಿಲ್ಲ, ತಪ್ಪನ್ನು ಮುಚ್ಚಿಡುವುದೂ ಇಲ್ಲ.

2019ರ ವಿಶ್ವಕಪ್‌ನಲ್ಲಿ ಲಿಥುವೇನಿಯಾ ಮತ್ತು ಫ್ರಾನ್ಸ್ ನಡುವಿನ ಪಂದ್ಯ. ಕೊನೆಯ ನಿಮಿಷದಲ್ಲಿ ಲಿಥುವೇನಿಯಾದ ವಾಲನ್ಚಿಯೂನಸ್ ಎಸೆದ ಫ್ರೀ ಥ್ರೋ ರಿಮ್ಮಿನ ಮೇಲೆ ಪುಟಿಯುತ್ತಿದ್ದಾಗ ಫ್ರಾನ್ಸಿನ ಗೋಬೇರ್ ಅದನ್ನು ಮುಟ್ಟಿದರು, ಆಗ ಮುಟ್ಟುವಂತಿಲ್ಲ. ಸೀಟಿ ಬರಲಿಲ್ಲ. ಫ್ರಾನ್ಸ್ 78-75ರಿಂದ ಗೆದ್ದಿತು. ಆಮೇಲೆ ಫಿಬಾವೇ ತಪ್ಪಾಗಿದೆ ಎಂದು ಹೇಳಿತು, ಆ ರೆಫರಿಗಳಿಗೆ ಆ ಪಂದ್ಯಾವಳಿಯಲ್ಲಿ ಮತ್ತೆ ಪಂದ್ಯ ಕೊಡಲಿಲ್ಲ. ಫಲಿತಾಂಶ ಮಾತ್ರ ಬದಲಾಗಲಿಲ್ಲ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ 2015ರಿಂದ ಪೈಪೋಟಿಯ ಪಂದ್ಯಗಳ ಕೊನೆಯ ಎರಡು ನಿಮಿಷಗಳ ತೀರ್ಪುಗಳನ್ನು ಒಂದೊಂದಾಗಿ ಪರಿಶೀಲಿಸಿ ಯಾವುದು ಸರಿ, ಯಾವುದು ತಪ್ಪು ಎಂದು ಪ್ರಕಟಿಸುತ್ತಿದೆ. ಅಲ್ಲಿಯೂ ಫಲಿತಾಂಶ ಹಾಗೆಯೇ ಉಳಿಯುತ್ತದೆ.

ಟೇಬಲ್‌ನಲ್ಲಿ ಕೂರುವವನಾಗಿ ನನ್ನನ್ನು ಹೆಚ್ಚು ಕಾಡುವ ಪ್ರಸಂಗ ಇನ್ನೊಂದಿದೆ. 2007ರ ಡಿಸೆಂಬರ್ 19, ಎನ್‌ಬಿಎಯ ಅಟ್ಲಾಂಟಾ ಮತ್ತು ಮಯಾಮಿ ತಂಡಗಳ ಪಂದ್ಯ. ಬೇರೊಬ್ಬ ಆಟಗಾರನ ಫೌಲನ್ನು ಟೇಬಲ್‌ನವರು ಮಯಾಮಿಯ ಶಕೀಲ್ ಓನೀಲ್ ಹೆಸರಿಗೆ ಬರೆದಿದ್ದರು. ಹೆಚ್ಚುವರಿ ಅವಧಿಯಲ್ಲಿ 51.9 ಸೆಕೆಂಡ್ ಉಳಿದಿರುವಾಗ ಅವರಿಗೆ ಆರನೆಯ ಫೌಲ್ ಎಂದು ಹೊರಗೆ ಕಳುಹಿಸಿದರು. ಆದದ್ದು ಐದೇ. ಮಯಾಮಿ ದೂರು ಕೊಟ್ಟಿತು. ಲೀಗ್ ಒಪ್ಪಿ ಅಟ್ಲಾಂಟಾಕ್ಕೆ 50,000 ಡಾಲರ್ ದಂಡ ಹಾಕಿತು. 2008ರ ಮಾರ್ಚ್ 8ರಂದು ಆ 51.9 ಸೆಕೆಂಡನ್ನು ಮತ್ತೆ ಆಡಿಸಿತು. ಅಷ್ಟು ಹೊತ್ತಿಗೆ ಓನೀಲ್ ಫೀನಿಕ್ಸ್ ತಂಡಕ್ಕೆ ಹೋಗಿಬಿಟ್ಟಿದ್ದರು! ಯಾರಿಗೆ ಅನ್ಯಾಯವಾಗಿತ್ತೋ ಅವರೇ ಅಂಗಣದಲ್ಲಿ ಇರಲಿಲ್ಲ. ಎರಡೂ ತಂಡ ಒಂದಂಕವನ್ನೂ ಗಳಿಸಲಿಲ್ಲ, ಅಟ್ಲಾಂಟಾ 114-111ರಿಂದ ಗೆದ್ದಿತು. ಒಬ್ಬ ಸ್ಕೋರರ್ ತಪ್ಪು ಸಾಲಿನಲ್ಲಿ ಬರೆದ ಒಂದು ಗೀಟು ಎಷ್ಟು ದೂರ ಹೋಯಿತು ನೋಡಿ. ಗ್ಯಾಲರಿ ಮೂಲೆ ಅವರೇ, ಹಳೆಯ ಸಮಯವನ್ನು ಮತ್ತೆ ತಂದು ಆಡಿಸಲು ಆಗುವುದಿಲ್ಲ ಎಂದು ನಾನು ನಂಬುವುದು ಇದರಿಂದಲೇ.

ಹಳೆಯ ಸೀಟಿ

ಎನ್‌ಬಿಎ ವರದಿಯನ್ನು ಅಲ್ಲಿನ ರೆಫರಿಗಳ ಸಂಘವೇ ಬೇಡ ಎಂದಿದೆ, ಅದನ್ನೂ ಸೇರಿಸಿ ಬರೆಯಿರಿ.

ಮತ್ತೆ ಆಡಿಸುವ ಮಾತು ಬಂದರೆ 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್ ನೆನಪಾಗದೇ ಇರದು. ಅಮೆರಿಕ 50-49ರಿಂದ ಮುಂದಿತ್ತು, ಉಳಿದದ್ದು 3 ಸೆಕೆಂಡ್. ಟೈಮ್‌ಔಟ್ ಕೇಳಿದ್ದೆವು ಎಂದು ಸೋವಿಯತ್ ಬೆಂಚಿನ ಗಲಾಟೆ, ಟೇಬಲ್‌ನಲ್ಲಿ ಗೊಂದಲ, ಗಡಿಯಾರ ಸರಿಯಾಗಿ ಹಿಂದಿರುಗಿಸಿರಲಿಲ್ಲ. ಫಿಬಾ ಪ್ರಧಾನ ಕಾರ್ಯದರ್ಶಿ ವಿಲಿಯಂ ಜೋನ್ಸ್ ಗ್ಯಾಲರಿಯಿಂದ ಇಳಿದು ಬಂದು ಮೂರು ಸೆಕೆಂಡ್ ಮತ್ತೆ ಆಡಿಸಿ ಎಂದರು. ಬೆಲೋವ್ ಬ್ಯಾಸ್ಕೆಟ್ ಹಾಕಿದರು, ಸೋವಿಯತ್ ಒಕ್ಕೂಟ 51-50. ಬ್ರೆಜಿಲಿನ ರೆಫರಿ ರಿಗೆಟ್ಟೊ ಸ್ಕೋರ್‌ಶೀಟಿಗೆ ಸಹಿ ಹಾಕಲು ಒಪ್ಪಲಿಲ್ಲ. ಅಮೆರಿಕದ ಮೇಲ್ಮನವಿ 3-2 ಮತಗಳಿಂದ ಬಿದ್ದುಹೋಯಿತು. ಆ ತಂಡ ಬೆಳ್ಳಿ ಪದಕವನ್ನು ತೆಗೆದುಕೊಳ್ಳಲೇ ಇಲ್ಲ. ಹೊರಗಿನವರ ಕೈ ಅಂಗಣದೊಳಗೆ ಬಂದರೆ ಏನಾಗುತ್ತದೆ ಎಂದು ಹೊಸ ರೆಫರಿಗಳಿಗೆ ಪಾಠ ಹೇಳುವಾಗ ನಾನು ಮೊದಲು ಹೇಳುತ್ತಿದ್ದ ಕಥೆ ಇದು.

ಗ್ಯಾಲರಿ ಮೂಲೆ

ಮತ್ತೆ ಆಡಿಸುವ ವಿಷಯ ಒಪ್ಪಿದೆ. ಇಷ್ಟು ವಿವರ ನನಗೆ ತಿಳಿದಿರಲಿಲ್ಲ. ಒಂದು ಸಂದೇಹ. ಒಂದು ತಂಡದ ಬ್ಯಾಸ್ಕೆಟ್ಟನ್ನು ಇನ್ನೊಂದು ತಂಡದ ಕಡೆಗೆ ಬರೆದುಬಿಟ್ಟರೆ? ಅದಕ್ಕೂ ಮೂರು ಸೆಕೆಂಡೇ?

ಹೊನಲುಬೆಳಕು

ಪಂದ್ಯಾವಳಿ ನಡೆಸುವವನಾಗಿ ಇದಕ್ಕೆ ನಾನು ಉತ್ತರಿಸುತ್ತೇನೆ. ಅಲ್ಲ ಸರ್. ಬರವಣಿಗೆಯ ತಪ್ಪು ಬೇರೆ, ತೀರ್ಪಿನ ತಪ್ಪು ಬೇರೆ. ಅಂಕ, ಫೌಲ್ ಸಂಖ್ಯೆ, ಟೈಮ್‌ಔಟ್ ಸಂಖ್ಯೆ ತಪ್ಪಾಗಿ ಬರೆದಿದ್ದರೆ ಮುಖ್ಯ ರೆಫರಿ ಸ್ಕೋರ್‌ಶೀಟಿಗೆ ಸಹಿ ಹಾಕುವವರೆಗೂ ತಿದ್ದಬಹುದು. ಸಹಿ ಬಿದ್ದ ಮೇಲೆ ರೆಫರಿಗಳಿಗೂ ಆ ಪಂದ್ಯಕ್ಕೂ ಸಂಬಂಧ ಮುಗಿಯಿತು. ಅದಕ್ಕೇ ನಮ್ಮಲ್ಲಿ ಪಂದ್ಯ ಮುಗಿದ ಕೂಡಲೇ ಸಹಿಗೆ ಆತುರಪಡಿಸುವುದಿಲ್ಲ. ಎರಡೂ ಅಂಕಪಟ್ಟಿಗಳನ್ನು ಬೆರಳಿಟ್ಟು ಮೇಲಿನಿಂದ ಕೆಳಗೆ ಕೂಡಿಸಿ ನೋಡುತ್ತೇವೆ. ಒಂದನೆಯ, ಮೂರನೆಯ ಕ್ವಾರ್ಟರ್ ಕೆಂಪು ಪೆನ್ನಿನಲ್ಲಿ, ಎರಡನೆಯ, ನಾಲ್ಕನೆಯದು ನೀಲಿಯಲ್ಲಿ ಬರೆಯುವುದೂ ಇದಕ್ಕೇ. ಯಾವ ಅಂಕ ಯಾವಾಗ ಬಂತು ಎಂದು ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ.

ದೂರು ಕೊಡುವ ದಾರಿಯೂ ಇದೆ. ಸ್ಕೋರ್‌ಶೀಟಿನ ಕೆಳಗೆ ಅದಕ್ಕೆಂದೇ ನಾಯಕರ ಸಹಿಯ ಜಾಗವಿದೆ. ಅಂಕ ಬರೆಯುವುದರಲ್ಲಿ, ಗಡಿಯಾರದಲ್ಲಿ, 24 ಸೆಕೆಂಡಿನ ಗಡಿಯಾರದಲ್ಲಿ ಆದ ತಪ್ಪನ್ನು ರೆಫರಿಗಳು ತಿದ್ದದೇ ಬಿಟ್ಟಿದ್ದರೆ ದೂರು ನಿಲ್ಲುತ್ತದೆ. ಆ ಫೌಲ್ ಕೊಡಬೇಕಿತ್ತು, ಈ ಟ್ರಾವೆಲಿಂಗ್ ಕಾಣಲಿಲ್ಲ ಎಂಬುದಕ್ಕೆ ನಿಲ್ಲುವುದಿಲ್ಲ.

ದೊಡ್ಡವರಿಗೂ ದೂರಿನಿಂದ ಎಲ್ಲವೂ ಸಿಗುವುದಿಲ್ಲ. 2019ರ ಡಿಸೆಂಬರ್ 3ರಂದು ಎನ್‌ಬಿಎಯ ಹೂಸ್ಟನ್ ತಂಡದ ಜೇಮ್ಸ್ ಹಾರ್ಡನ್ ಡಂಕ್ ಮಾಡಿದ ಚೆಂಡು ಬಲೆಯ ಮೂಲಕ ಇಳಿದು, ಬಲೆ ಚಿಮ್ಮಿಸಿದ್ದಕ್ಕೆ ರಿಮ್ಮಿನ ಮೇಲೆ ಬಂತು. ರೆಫರಿಗಳು ಬ್ಯಾಸ್ಕೆಟ್ ಅಲ್ಲ ಎಂದರು. ಹೂಸ್ಟನ್ ಎರಡು ಹೆಚ್ಚುವರಿ ಅವಧಿಗಳ ನಂತರ 135-133ರಿಂದ ಸೋತಿತು. ಲೀಗ್ ತಪ್ಪನ್ನು ಒಪ್ಪಿಕೊಂಡಿತು, ದೂರನ್ನು ತಳ್ಳಿಹಾಕಿತು. ಆ ತಪ್ಪಾದಾಗ ಪಂದ್ಯದಲ್ಲಿ ಇನ್ನೂ ಏಳು ನಿಮಿಷಕ್ಕೂ ಹೆಚ್ಚು ಉಳಿದಿತ್ತು, ಚೇತರಿಸಿಕೊಳ್ಳಲು ಸಮಯವಿತ್ತು ಎಂಬುದು ಲೀಗಿನ ವಾದ.

ಪಾಯಿಂಟ್‌ಗಾರ್ಡ್ 7

ಹಳೆಯ ಸೀಟಿ ಸರ್, ಚೆಂಡನ್ನು ಇಬ್ಬರೂ ಹಿಡಿದಂಥ ಜಂಪ್ ಬಾಲ್ ಪ್ರಸಂಗಗಳಲ್ಲಿ ಮುಂದಿನ ಸರದಿ ಯಾರದೆಂದು ತೋರಿಸುವ ಬಾಣದ ಬಗ್ಗೆಯೂ ಹೇಳಿ. ಬಾಣ ನಮ್ಮ ಕಡೆಗಿದ್ದರೂ ಎದುರಾಳಿಗಳಿಗೆ ಥ್ರೋ ಇನ್ ಕೊಟ್ಟುಬಿಟ್ಟರೆ?

ಹಳೆಯ ಸೀಟಿ

ಒಳಗಿನ ಆಟಗಾರ ಚೆಂಡು ಮುಟ್ಟುವುದರೊಳಗೆ ಗೊತ್ತಾದರೆ ತಿದ್ದಬಹುದು. ಮುಟ್ಟಿದ ಮೇಲೆ ಆ ಥ್ರೋ ಇನ್ ಹೋಯಿತು. ಆದರೆ ನಿಮ್ಮ ಸರದಿ ಹೋಗುವುದಿಲ್ಲ, ಮುಂದಿನ ಜಂಪ್ ಬಾಲ್ ಪ್ರಸಂಗದಲ್ಲಿ ಚೆಂಡು ನಿಮ್ಮದೇ. ಆದ್ದರಿಂದ ಗಾಬರಿಯಲ್ಲಿ ಬಾಣ ತಿರುಗಿಸಬೇಡಿ ಎಂದು ಟೇಬಲ್‌ನವರಿಗೆ ಹೇಳಿ.

ಜಯನಗರದ ಕೋಚ್

ಸರ್, ಈಗ ನೀವೇ ಹೇಳಿದ ನಿಯಮ ನೋಡಿ. ಬಾಣದ ತಪ್ಪಾದಾಗ ಮುಂದಿನ ಸರದಿ ಇಂಥವರದು ಎಂದು ಎರಡೂ ಕಡೆಗೆ ಹೇಳಲೇಬೇಕಾಗುತ್ತದೆ. ಅಲ್ಲಿ ಹೇಳಬಹುದಾದರೆ ಟೀಮ್ ಫೌಲಿಗೂ ಹೇಳಬಹುದು. ಅಂಗಣದ ನಡುವೆ ಘೋಷಿಸಿ ಎಂದು ನಾನೂ ಕೇಳುತ್ತಿಲ್ಲ. ಇಬ್ಬರು ಕೋಚ್‌ಗಳನ್ನೂ ಮೇಜಿನ ಬಳಿಗೆ ಕರೆಯಿರಿ, ಇಬ್ಬರಿಗೂ ಒಟ್ಟಿಗೆ, ಒಂದೇ ಮಾತಿನಲ್ಲಿ ಹೇಳಿ. ಒಬ್ಬರಿಗೆ ಮಾತ್ರ ಹೇಳಿದರೆ ಅದು ಪಿಸುಮಾತಾಗುತ್ತದೆ. ನನ್ನ ಮುಖ ನೋಡಿ ಹೇಳಿದ ರೆಫರಿಯ ಮೇಲೆ ಎರಡು ದಿನ ಸಿಟ್ಟಿರುತ್ತದೆ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಅವರ ಮುಂದಿನ ಹತ್ತು ಪಂದ್ಯಗಳ ತೀರ್ಪನ್ನೂ ನಂಬುವುದಿಲ್ಲ.

ಹಳೆಯ ಸೀಟಿ

ಇಬ್ಬರನ್ನೂ ಮೇಜಿನ ಬಳಿಗೆ ಕರೆಯುವುದು, ಅದು ಆಗಬಹುದಾದ ಮಾತು. ಪ್ರೇಕ್ಷಕರಿಗೆ ಕೇಳಿಸದು. ಆದರೂ ಕೊನೆಯ ಒಂದು ನಿಮಿಷದಲ್ಲಿ ನಾನು ಮಾಡಲಾರೆ ಮೇಡಂ. ಇದರಲ್ಲಿ ನಾವಿಬ್ಬರೂ ಒಪ್ಪುವುದು ಕಷ್ಟ.

ಹೊನಲುಬೆಳಕು

ನಮ್ಮ ಮುಂದಿನ ಪಂದ್ಯಾವಳಿಯ ನಿಯಮಪತ್ರದಲ್ಲಿ ಇದನ್ನು ಸೇರಿಸುತ್ತೇನೆ: ತಿದ್ದುವ ಸಮಯ ಮೀರಿದ ತಪ್ಪನ್ನು ಇಬ್ಬರು ಕೋಚ್‌ಗಳಿಗೂ ಮೇಜಿನ ಬಳಿ ತಿಳಿಸಬೇಕು, ಸಮಯ ಸಹಿತ ಸ್ಕೋರ್‌ಶೀಟಿನ ಹಿಂಬದಿಯಲ್ಲಿ ಬರೆಯಬೇಕು. ಗೇಟಿನ ಬಳಿ ನಮ್ಮ ಇಬ್ಬರು ಸ್ವಯಂಸೇವಕರು ರೆಫರಿಗಳ ಜೊತೆ ವಾಹನದವರೆಗೆ ಹೋಗಬೇಕು. ಹಳೆಯ ಸೀಟಿ ಸರ್ ಹೇಳಿದ ಭಯಕ್ಕೆ ಸಂಘಟಕರೇ ಹೊಣೆ. ಅದನ್ನು ರೆಫರಿಗಳ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವುದು ಸರಿಯಲ್ಲ.

ನೀಲಿಪೆನ್ನು

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಆ ರೆಫರಿಗೆ ಫೋನ್ ಮಾಡಿದೆ. ನಾನು ನೀಲಿ ತಂಡದವರಿಗೆ ಹೇಳುತ್ತೇನೆ ಎಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ “ಹೇಳಿ, ನನ್ನ ಹೆಸರನ್ನೂ ಸೇರಿಸಿಯೇ ಹೇಳಿ” ಎಂದರು. ಅವರು ಅಂದು ಬೆಳಗ್ಗಿನಿಂದ ಮೂರನೆಯ ಪಂದ್ಯ ನಡೆಸುತ್ತಿದ್ದರಂತೆ.

ನೀಲಿ ತಂಡದ ಅಭ್ಯಾಸದ ಹೊತ್ತಿಗೆ ಅಂಗಣಕ್ಕೆ ಹೋದೆ. ಕೋಚ್ ಮತ್ತು ನಾಯಕಿಯನ್ನು ಕರೆದು, ಮೊಬೈಲಿನಲ್ಲಿದ್ದ ಸ್ಕೋರ್‌ಶೀಟಿನ ಚಿತ್ರ ತೋರಿಸಿದೆ. 9ನೇ ನಂಬರಿನ ಹುಡುಗಿಯೂ ಬಂದು ನಿಂತಳು. ಚಿತ್ರವನ್ನು ದೊಡ್ಡದು ಮಾಡಿ ಬಿಳಿ ತಂಡದ ಚೌಕಗಳ ಮೇಲೆ ಬೆರಳಿಟ್ಟು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದಳು. ಆಮೇಲೆ ಆಟಗಾರ್ತಿಯರ ಸಾಲಿನಲ್ಲಿ ಐದನೆಯದನ್ನು ತಾನೇ ಹುಡುಕಿ ತೆಗೆದಳು. “ಅಂದರೆ ನನಗೆ ಎರಡು ಇತ್ತು, ಅಲ್ಲವೇ ಅಂಕಲ್?” ಎಂದಳು. ಹೌದಮ್ಮ, ಇತ್ತು, ತಪ್ಪು ನನ್ನದು ಎಂದೆ. ಮೊಬೈಲನ್ನು ನನ್ನ ಕೈಗೆ ಕೊಟ್ಟು, ಏನೂ ಹೇಳದೆ ಹೋಗಿ ಲೇಅಪ್ ಸಾಲಿನಲ್ಲಿ ನಿಂತಳು. ಕೋಚ್ ಬಹಳ ಹೊತ್ತು ಬೈದರು. ಕೇಳಿಸಿಕೊಂಡೆ. ಹೊರಡುವಾಗ, ಅಂದೇ ಹೇಳಿದ್ದರೆ ಇದಕ್ಕಿಂತ ಹೆಚ್ಚು ಬೈಯುತ್ತಿದ್ದೆ, ಆದರೂ ಅಂದೇ ಹೇಳಬೇಕಿತ್ತು ಎಂದರು.

ಈಗ ಕೆಲಸದ ಮಾತು. ಬಡಗಿಯೊಬ್ಬರಿಂದ ಎರಡು ಮರದ ಫಲಕ ಮಾಡಿಸಿದ್ದೇನೆ, ಅಡಿಯಲ್ಲಿ ಕಬ್ಬಿಣದ ಪಟ್ಟಿ ಇದೆ, ಯಾವ ಗಾಳಿಗೂ ಬೀಳುವುದಿಲ್ಲ. ಇನ್ನು ಮುಂದೆ ನಮ್ಮ ಟೇಬಲ್‌ನಲ್ಲಿ ನಾಲ್ಕನೆಯ ಟೀಮ್ ಫೌಲ್ ಆದಾಗ ಸ್ಕೋರರ್ ಗಟ್ಟಿಯಾಗಿ “ನಾಲ್ಕು” ಎನ್ನಬೇಕು, ಗಡಿಯಾರದವರು ಅದನ್ನು ಮತ್ತೆ ಹೇಳಬೇಕು, ಸಹಾಯಕ ಸ್ಕೋರರ್ ಫಲಕಕ್ಕೆ ಕೈ ಹಚ್ಚಿ ನೋಡಬೇಕು. ಭಾನುವಾರ ಬೆಳಗ್ಗೆ ಏಳಕ್ಕೆ ಅದೇ ಅಂಗಣದಲ್ಲಿ ಟೇಬಲ್ ಅಭ್ಯಾಸ ಇಟ್ಟುಕೊಂಡಿದ್ದೇವೆ. ಹಳೆಯ ಸೀಟಿ ಸರ್, ನೀವು ಬರಲೇಬೇಕು. ಬರುವವರು ಕೆಂಪು ಪೆನ್ನು ಒಂದು, ನೀಲಿ ಪೆನ್ನು ಒಂದು ತನ್ನಿ. ಖಾಲಿ ಸ್ಕೋರ್‌ಶೀಟ್‌ಗಳನ್ನು ನಾನು ತರುತ್ತೇನೆ.

ಹಳೆಯ ಸೀಟಿ

ಬರುತ್ತೇನೆ. ಏಳಕ್ಕಲ್ಲ, ಆರೂವರೆಗೇ ಬರುತ್ತೇನೆ. ಬಜರ್ ಕೆಲಸ ಮಾಡುತ್ತದೆಯೋ ಇಲ್ಲವೋ ನೋಡಬೇಕು.